ಜಲಂಧರದಲ್ಲಿ ಸಿಕ್ಕ ಕುಂದಗೋಳದ ವಿಳಾಸ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಹೋಗುವವರಿಗೆ ಸ್ವಾರಗೇಟ ಎಂದರೆ ಬಸ್ ನಿಲ್ದಾಣ. ಡಿಸೆಂಬರಿನಲ್ಲಿ ಕೆಲವರಿಗೆ ಅಲ್ಲಿಳಿಯಲು ಇನ್ನೊಂದು ಕಾರಣವಿರುತ್ತದೆ. ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಈಚಿನ ವರ್ಷಗಳಲ್ಲಿ ನಡೆಯುತ್ತಿರುವ ಮುಕುಂದನಗರ ಅಲ್ಲಿಂದ ದೂರವಿಲ್ಲ. ಮರಾಠಿ ನಗರದ ಈ ದೊಡ್ಡ ಸಂಗೀತೋತ್ಸವದ ಹೆಸರಿನಲ್ಲಿರುವ ಇಬ್ಬರೂ ಧಾರವಾಡ ಸೀಮೆಯ ಕನ್ನಡಿಗರು.

ಭೀಮಸೇನ ಜೋಶಿ ಮನೆ ಬಿಟ್ಟದ್ದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ. ತಂದೆ ಗುರುರಾಜಾಚಾರ್ಯರು ಗದಗಿನಲ್ಲಿ ಶಿಕ್ಷಕರು, ಮನೆ ತುಂಬ ಮಕ್ಕಳು. ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಸಿಗಲಿಲ್ಲವೆಂದು ಸಿಟ್ಟಾಗಿ ಹೊರಟ ಕಥೆ ಎಲ್ಲರಿಗೂ ಗೊತ್ತು. ತುಪ್ಪ ನೆಪ. ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯಲ್ಲಿ ಝಿಂಝೋಟಿಯ ಠುಮರಿ ಕೇಳಿದ ಮೇಲೆ ಹುಡುಗನಿಗೆ ಬೇಕಾಗಿದ್ದದ್ದು ಗುರು. ಕಿಸೆಯಲ್ಲಿ ಕಾಸಿಲ್ಲ, ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡಿ ಜನರನ್ನು ಒಲಿಸಿಕೊಳ್ಳುತ್ತ ಗ್ವಾಲಿಯರ್ ಮುಟ್ಟಿದ. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆ ಸೇರಿದ. ಮುಂದೆ ಕಲ್ಕತ್ತೆಯಲ್ಲಿ ನಟ ಪಹಾಡಿ ಸನ್ಯಾಲರ ಮನೆಗೆಲಸ. ಕೊನೆಗೆ ಜಲಂಧರದಲ್ಲಿ ಅಂಧ ಗಾಯಕ ಮಂಗತ್‌ರಾಮರ ಬಳಿ ಪಾಠ.

ಇಂಥ ಅಲೆದಾಟವನ್ನು ಈಗ ಹೊಗಳುವುದು ಸುಲಭ. ಆ ದಿನಗಳಲ್ಲಿ ಗದಗಿನ ಮನೆಯಲ್ಲಿ ತಾಯಿ ಗೋದಾವರಿಬಾಯಿ ಹೇಗೆ ಉಂಡಿರಬೇಕು? ಹಸಿವು ಯಾರಿಗೂ ರಾಗ ಕಲಿಸುವುದಿಲ್ಲ. ಬೀದಿಗೆ ಬಿದ್ದು ಮತ್ತೆ ಸಿಗದೇ ಹೋದ ಹುಡುಗರ ಚರಿತ್ರೆಯನ್ನು ಯಾರೂ ಬರೆಯುವುದೂ ಇಲ್ಲ.

ಜಲಂಧರದಲ್ಲೇ ವಿನಾಯಕರಾವ್ ಪಟವರ್ಧನರು ಭೇಟಿಯಾಗಿ ಕೇಳಿದ್ದು ಸರಳ ಪ್ರಶ್ನೆ: ನಿಮ್ಮ ಕಡೆಯೇ ಸವಾಯಿ ಗಂಧರ್ವರಿರುವಾಗ ಇಲ್ಲೇಕೆ? ಗ್ರಾಮಫೋನಿನ ಆ ಖಾನಸಾಹೇಬರ ಶಿಷ್ಯ ರಾಮಭಾವು ಕುಂದಗೋಳಕರ ಇದ್ದದ್ದು ಗದಗಿನಿಂದ ಒಂದು ದಿನದೊಳಗೆ ಹೋಗಿಬರಬಹುದಾದ ಊರಿನಲ್ಲಿ.

1936ರಲ್ಲಿ ಕುಂದಗೋಳ ಸೇರಿದಾಗ ಕಷ್ಟ ಮುಗಿಯಲಿಲ್ಲ, ಅದರ ಬಗೆ ಬದಲಾಯಿತು. ಮೊದಮೊದಲು ಪಾಠವೇ ಇಲ್ಲ. ನೀರು ಹೊರುವುದು, ಮನೆಗೆಲಸ. ಆಮೇಲೆ ವರ್ಷಗಟ್ಟಲೆ ತೋಡಿ, ಮುಲ್ತಾನಿ, ಪೂರಿಯಾ. ಹುಬ್ಬಳ್ಳಿಯಿಂದ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ಸ್ಟೇಶನ್ನಿಗೆ ಕಳಿಸಲು ಹೋಗುವ ದಾರಿಯಲ್ಲಿ ಅವರ ಅಂದಿನ ಪಾಠವನ್ನೂ ಕೇಳಿಕೊಳ್ಳುತ್ತಿದ್ದ. ಹಿಂದಿನ ಅಲೆದಾಟದಲ್ಲಿ ಗುರಿಯಿತ್ತು, ದಾರಿ ಗೊತ್ತಿರಲಿಲ್ಲ. ಇಲ್ಲಿಯ ದುಡಿಮೆಗೆ ಎರಡೂ ಇದ್ದವು. ಒಂದೇ ಸ್ವರದ ಮೇಲೆ ಗಂಟೆಗಟ್ಟಲೆ ನಿಲ್ಲುವ ತಾಳ್ಮೆ ಬಂದದ್ದು ಇಲ್ಲಿಂದ, ರೈಲಿನಿಂದಲ್ಲ.

ಗುರುವಿನ ಪಾಲಿಗೆ ಬಂದದ್ದು ಇನ್ನೂ ಕಠಿಣ. 1940ರ ದಶಕದ ಮೊದಲಲ್ಲೇ ಪಾರ್ಶ್ವವಾಯು ಬಡಿದು ಸವಾಯಿ ಗಂಧರ್ವರ ಹಾಡುಗಾರಿಕೆ ನಿಂತಿತು. 1946ರಲ್ಲಿ ಅವರ ಅರವತ್ತನೆಯ ಹುಟ್ಟುಹಬ್ಬಕ್ಕೆ ಪುಣೆಯಲ್ಲಿ ಹಾಡಿದ ಭೀಮಸೇನ ಜೋಶಿ ಹೆಸರಾದರು. ಗುರುಗಳು 1952ರಲ್ಲಿ ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಪುಣ್ಯಸ್ಮರಣೆಯ ಉತ್ಸವ ಶುರುವಾಯಿತು. ಭೀಮಸೇನರು ದಶಕಗಳ ಕಾಲ ಅದನ್ನು ಮುಂದೆ ನಿಂತು ನಡೆಸಿದರು. 2011ರ ಜನವರಿಯಲ್ಲಿ ಅವರೂ ಹೋದ ಮೇಲೆ ಗುರುವಿನ ಹೆಸರಿನ ಪಕ್ಕ ಶಿಷ್ಯನ ಹೆಸರು ಸೇರಿತು.