ದೊಡ್ಡ ಟೈರುಗಳ ಪಿಕಪ್ ಟ್ರಕ್ಕಿನ ಬ್ರೇಕ್ ಉನ್ನತೀಕರಣ

ದೊಡ್ಡ ಟೈರುಗಳ ಪಿಕಪ್ ಟ್ರಕ್ಕಿನ ಬ್ರೇಕ್ ಉನ್ನತೀಕರಣ ಎಂದರೆ ತಯಾರಕರು ನಿಗದಿಪಡಿಸಿದ ಅಳತೆಗಿಂತ ಹೆಚ್ಚಿನ ವ್ಯಾಸದ ಟೈರುಗಳನ್ನು ಅಳವಡಿಸಿದ ಪಿಕಪ್ ವಾಹನದಲ್ಲಿ, ಕುಗ್ಗಿದ ನಿಲುಗಡೆಯ ಸಾಮರ್ಥ್ಯವನ್ನು ಮರಳಿ ಪಡೆಯಲು ಬ್ರೇಕ್ ಭಾಗಗಳನ್ನು ಬದಲಿಸುವ ಕೆಲಸ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಆಸ್ಟ್ರೇಲಿಯಾಗಳಲ್ಲಿ, ರಸ್ತೆಯಿಲ್ಲದ ನೆಲದಲ್ಲಿ ವಾಹನ ಓಡಿಸುವ ಹವ್ಯಾಸದ ಜೊತೆಗೆ ಇದು ಬೆಳೆದುಬಂದಿದೆ. ದೊಡ್ಡ ಟೈರು ವಾಹನದ ತಳವನ್ನು ನೆಲದಿಂದ ಮೇಲೆತ್ತಿ ಕಲ್ಲು, ಕೆಸರುಗಳನ್ನು ದಾಟಲು ನೆರವಾಗುತ್ತದೆ. ಅದರ ಬೆಲೆಯನ್ನು ಬ್ರೇಕುಗಳು ತೆರಬೇಕಾಗುತ್ತದೆ.

ಟೈರಿನ ಗಾತ್ರದ ಪರಿಣಾಮ

ಬ್ರೇಕ್ ಪ್ಯಾಡುಗಳು ಡಿಸ್ಕನ್ನು ಒತ್ತಿದಾಗ ಹುಟ್ಟುವ ತಿರುಚುಬಲವನ್ನು ಟೈರಿನ ತ್ರಿಜ್ಯದಿಂದ ಭಾಗಿಸಿದರೆ ನೆಲದ ಮೇಲೆ ದೊರೆಯುವ ತಡೆಬಲ ಸಿಗುತ್ತದೆ. 31 ಇಂಚಿನ ಟೈರಿನ ಬದಲು 35 ಇಂಚಿನದನ್ನು ಹಾಕಿದರೆ, ಪೆಡಲನ್ನು ಅಷ್ಟೇ ಬಲದಿಂದ ತುಳಿದಾಗ ಸಿಗುವ ತಡೆಬಲ ಸುಮಾರು ಶೇ. 11ರಷ್ಟು ಕಡಿಮೆಯಾಗುತ್ತದೆ. ದೊಡ್ಡ ಟೈರು ಸಾಮಾನ್ಯವಾಗಿ ಭಾರವೂ ಆಗಿರುತ್ತದೆ. ಆ ಭಾರದ ಬಹುಪಾಲು ಅಂಚಿನಲ್ಲಿರುವುದರಿಂದ, ವಾಹನದೊಂದಿಗೆ ಮುಂದೆ ಸಾಗುವ ಶಕ್ತಿಯ ಜೊತೆಗೆ ತಿರುಗುವ ಶಕ್ತಿಯೂ ಸೇರಿ, ಅಲ್ಲಿ ಕೂಡಿದ ಒಂದು ಕಿಲೋಗ್ರಾಂ ವಾಹನದ ಮೈಮೇಲೆ ಹೇರಿದ ಎರಡು ಕಿಲೋಗ್ರಾಂಗೆ ಹತ್ತಿರವಾಗುತ್ತದೆ.

ಹಲವರ ಗಮನಕ್ಕೆ ಬಾರದ ಅಂಶವೆಂದರೆ ವೇಗಮಾಪಕದ ತಪ್ಪು. ಮೇಲಿನ ಉದಾಹರಣೆಯಲ್ಲಿ ಮಾಪಕವನ್ನು ಮರುಹೊಂದಿಸದಿದ್ದರೆ, ಅದು ಗಂಟೆಗೆ 80 ಕಿ.ಮೀ. ತೋರಿಸುವಾಗ ನಿಜವಾದ ವೇಗ ಸುಮಾರು 90 ಕಿ.ಮೀ. ಇರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಬ್ರೇಕುಗಳು ಶೇ. 27ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಬೇಕಾಗುತ್ತದೆ. 2,500 ಕಿಲೋಗ್ರಾಂ ತೂಗುವ ವಾಹನವನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖ ಸುಮಾರು 9.6 ಲಕ್ಷ ಜೂಲ್.

ತೊಂದರೆ ಸಮತಟ್ಟಾದ ರಸ್ತೆಗಿಂತ ಇಳಿಜಾರಿನಲ್ಲಿ ಹೆಚ್ಚು. ಟೈರು ದೊಡ್ಡದಾದಾಗ ಗೇರುಗಳ ಒಟ್ಟು ಅನುಪಾತ ಕುಗ್ಗಿ, ಎಂಜಿನ್ ಒದಗಿಸುವ ತಡೆಯೂ ಇಳಿಯುತ್ತದೆ. ಆ ಕೆಲಸವೂ ಬ್ರೇಕಿನ ಪಾಲಿಗೆ ಬರುತ್ತದೆ. ಮಿತಿಮೀರಿ ಕಾದ ಪ್ಯಾಡುಗಳು ಹಿಡಿತ ಕಳೆದುಕೊಳ್ಳುತ್ತವೆ, ದ್ರವ ಕುದಿದರೆ ಪೆಡಲು ತಳಕ್ಕಿಳಿಯುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಪೈಕ್ಸ್ ಪೀಕ್ ಪರ್ವತದ ರಸ್ತೆಯಲ್ಲಿ ಇಳಿಯುವ ವಾಹನಗಳ ಬ್ರೇಕ್ ತಾಪವನ್ನು ದಾರಿಯಲ್ಲೇ ಅಳೆದು, ಕಾದವನ್ನು ತಣಿಯಲು ನಿಲ್ಲಿಸುವ ವ್ಯವಸ್ಥೆಯಿದೆ. ಅಚ್ಚಿನ ಗೇರುಗಳನ್ನು 3.73ರಿಂದ 4.56ರಂತಹ ಅನುಪಾತಕ್ಕೆ ಬದಲಿಸುವುದು ಎಂಜಿನ್ನಿನ ತಡೆಯನ್ನು ಮರಳಿ ತರುತ್ತದೆ. ಈ ದೃಷ್ಟಿಯಿಂದ ಅದನ್ನೂ ಬ್ರೇಕ್ ಸುಧಾರಣೆಯ ಭಾಗವೆಂದೇ ಎಣಿಸಬಹುದು.

ವಿಧಾನಗಳು

ಎಲ್ಲಕ್ಕಿಂತ ಅಗ್ಗದ ಹೆಜ್ಜೆ ಪ್ಯಾಡುಗಳ ಬದಲಾವಣೆ. ಅಮೆರಿಕದಲ್ಲಿ ಮಾರಾಟವಾಗುವ ಪ್ಯಾಡುಗಳ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಅಕ್ಷರಗಳ ಗುರುತಿರುತ್ತದೆ: ಮೊದಲನೆಯದು ತಣ್ಣಗಿರುವಾಗಿನ, ಎರಡನೆಯದು ಕಾದಾಗಿನ ಘರ್ಷಣಾಂಕದ ವರ್ಗ. 'ಇ' ವರ್ಗ 0.25–0.35, 'ಎಫ್' 0.35–0.45, 'ಜಿ' 0.45–0.55ರ ವ್ಯಾಪ್ತಿಯವು. 'ಇಇ' ಗುರುತಿನ ಪ್ಯಾಡಿನಿಂದ 'ಎಫ್ಎಫ್' ಗುರುತಿನದಕ್ಕೆ ಹೋದರೆ ಟೈರಿನಿಂದಾದ ನಷ್ಟ ಅನೇಕ ವೇಳೆ ತುಂಬಿಬರುತ್ತದೆ.

ಹೆಚ್ಚಿನ ವ್ಯಾಸದ ಡಿಸ್ಕು ತಿರುಚುಬಲವನ್ನು ಹೆಚ್ಚಿಸುತ್ತದೆ. ದಪ್ಪನೆಯ ಡಿಸ್ಕು ಹೆಚ್ಚು ಶಾಖವನ್ನು ತಾಳಿಕೊಳ್ಳುತ್ತದೆ. ರಂಧ್ರ ಕೊರೆದ ಡಿಸ್ಕುಗಳು ನೋಡಲು ಆಕರ್ಷಕವಾದರೂ ರಂಧ್ರಗಳ ಸುತ್ತ ಬಿರುಕು ಬಿಡುವ ಸಂಭವವಿರುವುದರಿಂದ ಭಾರದ ವಾಹನಗಳಿಗೆ ಅಷ್ಟು ಒಪ್ಪುವುದಿಲ್ಲ. ಅದೇ ತಯಾರಕರ ದೊಡ್ಡ ಮಾದರಿಯ ಭಾಗಗಳನ್ನು ತಂದು ಜೋಡಿಸುವುದೂ ರೂಢಿಯಲ್ಲಿದೆ. 1995–2004ರ ಟೊಯೋಟಾ ಟಕೋಮಾದ ಮುಂದಿನ ಚಕ್ರಗಳಿಗೆ ಮೊದಲ ತಲೆಮಾರಿನ ಟಂಡ್ರಾದ ಕ್ಯಾಲಿಪರುಗಳನ್ನು ಹಾಕುವುದು ಇದರ ಪ್ರಸಿದ್ಧ ಉದಾಹರಣೆ. ದೊಡ್ಡ ಕ್ಯಾಲಿಪರು 15 ಇಂಚಿನ ರಿಮ್ಮಿನೊಳಗೆ ಹಿಡಿಸದಿರುವುದರಿಂದ ಸಾಮಾನ್ಯವಾಗಿ 16 ಇಂಚಿನ ರಿಮ್ಮುಗಳು ಬೇಕಾಗುತ್ತವೆ.

ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಅದು ಬೇಡುವ ದ್ರವವೂ ಹೆಚ್ಚು. ಆದ್ದರಿಂದ ಪೆಡಲು ಆಳಕ್ಕಿಳಿಯುತ್ತದೆ. ಇದನ್ನು ಸರಿಪಡಿಸಲು ಅಗಲವಾದ ಮಾಸ್ಟರ್ ಸಿಲಿಂಡರ್ ಹಾಕಿದರೆ ಪೆಡಲು ಗಟ್ಟಿಯಾಗುತ್ತದೆ, ಆದರೆ ಅಷ್ಟೇ ತುಳಿತಕ್ಕೆ ಹುಟ್ಟುವ ಒತ್ತಡ ಇಳಿಯುತ್ತದೆ. ಎರಡನ್ನೂ ಲೆಕ್ಕ ಹಾಕದೆ ಬದಲಿಸಿದಲ್ಲಿ ಖರ್ಚಿಗೆ ತಕ್ಕ ಫಲ ದೊರೆಯುವುದಿಲ್ಲ. ಮುಂದಿನ ಬ್ರೇಕುಗಳನ್ನಷ್ಟೇ ಬಲಪಡಿಸಿದರೆ ಮುಂದಿನ ಚಕ್ರಗಳು ಬೇಗ ಸಿಕ್ಕಿಕೊಳ್ಳುತ್ತವೆ. ಹಿಂದಿನವು ಮೊದಲು ಸಿಕ್ಕಿಕೊಂಡರೆ ವಾಹನ ಅಡ್ಡ ತಿರುಗುವ ಅಪಾಯವಿದ್ದು, ಅದು ಇನ್ನೂ ಕೆಟ್ಟದ್ದು.

ಬ್ರೇಕ್ ದ್ರವದ ಆಯ್ಕೆಯೂ ಮುಖ್ಯ. ಡಾಟ್ 3 ದ್ರವದ ಕನಿಷ್ಠ ಕುದಿಬಿಂದು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್, ತೇವಾಂಶ ಹೀರಿದಾಗ 140. ಡಾಟ್ 4ಕ್ಕೆ ಇವು 230 ಮತ್ತು 155. ಹಳೆಯ ದ್ರವವನ್ನು ತೆಗೆದು ಹೊಸದನ್ನು ತುಂಬುವುದು ದುಬಾರಿ ಕ್ಯಾಲಿಪರಿಗಿಂತ ಮೊದಲು ಮಾಡಬೇಕಾದ ಕೆಲಸ.

ಎತ್ತರಿಸಿದ ವಾಹನಗಳು

ದೊಡ್ಡ ಟೈರಿಗೆ ಜಾಗ ಮಾಡಲು ಸಸ್ಪೆನ್ಷನ್ ಎತ್ತರಿಸಿದಾಗ ಮೂಲ ಬ್ರೇಕ್ ಕೊಳವೆಗಳ ಉದ್ದ ಸಾಲದಾಗಬಹುದು. ಚಕ್ರ ಪೂರ್ತಿ ಕೆಳಗಿಳಿದಾಗ ಎಳೆತಕ್ಕೆ ಸಿಕ್ಕಿ ಹರಿದರೆ ಒಂದು ಮಂಡಲದ ಬ್ರೇಕ್ ಸಂಪೂರ್ಣ ಇಲ್ಲವಾಗುತ್ತದೆ. ಹಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚೌಕಟ್ಟಿಗೂ ನಡುವಿನ ಅಂತರವನ್ನು ನೋಡಿ ಹೊರೆಯನ್ನು ಅಂದಾಜಿಸುವ ಕವಾಟವಿರುತ್ತದೆ. ವಾಹನವನ್ನು ಎತ್ತರಿಸಿದರೆ ಅದು ಟ್ರಕ್ಕು ಖಾಲಿಯಿದೆಯೆಂದು ಭ್ರಮಿಸಿ ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುತ್ತದೆ. ಅದರ ತೋಳನ್ನು ಹೊಸ ಎತ್ತರಕ್ಕೆ ಹೊಂದಿಸದೆ ಬೇರೆ ಭಾಗಗಳಿಗೆ ಹಣ ಹಾಕುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಕಾನೂನು

ಅಮೆರಿಕದ ಒಕ್ಕೂಟ ಕಾನೂನು ತಯಾರಕರು, ಮಾರಾಟಗಾರರು ಹಾಗೂ ದುರಸ್ತಿ ಅಂಗಡಿಗಳು ಸುರಕ್ಷತಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸುವುದನ್ನು ನಿಷೇಧಿಸುತ್ತದೆ. ಎತ್ತರ ಮತ್ತು ಟೈರುಗಳ ಮಿತಿಯನ್ನು ರಾಜ್ಯಗಳು ನಿರ್ಧರಿಸುತ್ತವೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅನ್ವಯಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪು ನೀಡಿತು. ಕರ್ನಾಟಕದ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಹೊಂದಿದ್ದು, ಅದಕ್ಕೂ ಇದೇ ನಿಯಮ ಅನ್ವಯ.