ಬೆಂಗಳೂರಿನ ಮೀಸಾನ್ ಮಾದರಿಗಳು (1939–1946): ಒಂದು ಮರುಓದು

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದೇವಾಲಯದ ನವರಂಗಕ್ಕೆ ಕಾಲಿಟ್ಟು ಅಂಗೈ ಚಾಚಿ ನಿಂತರೆ, ಸೆಕೆಂಡಿಗೆ ಒಂದೆರಡರಂತೆ ಮ್ಯೂಯಾನ್ ಕಣಗಳು ಆ ಅಂಗೈಯನ್ನು ತೂರಿ ನೆಲಕ್ಕಿಳಿಯುತ್ತಿರುತ್ತವೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅದರ ಚಾವಣಿಯ ಬಳಪದ ಕಲ್ಲು ಈ ಕಣಗಳಿಗೆ ದೊಡ್ಡ ಅಡ್ಡಿಯೇನಲ್ಲ. ಹತ್ತು ಮೀಟರ್ ನೀರಿನಷ್ಟು ತೂಕದ ವಾತಾವರಣವನ್ನೇ ದಾಟಿ ಬಂದವಕ್ಕೆ ಒಂದು ಕಲ್ಲುಚಪ್ಪಡಿ ಎಷ್ಟರದು? ಮ್ಯೂಯಾನಿಗೆ ಜನ್ಮ ಕೊಡುವ ಪೈಯಾನಿನ ಮಾತು ಬೇರೆ. ಅದು ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಬೈಜಿಕ ಬಲಕ್ಕೆ ಒಳಗಾದ ಕಣ. ಸರಾಸರಿ ಅರ್ಧ ಮೀಟರ್ ಕಲ್ಲು ದಾಟುವಷ್ಟರಲ್ಲಿ ಯಾವುದಾದರೊಂದು ನ್ಯೂಕ್ಲಿಯಸ್ಸಿಗೆ ಬಡಿದುಬಿಡುತ್ತದೆ.

ಗುಡಿಯ ಚಾವಣಿಯೇ ಬೇರ್ಪಡಿಸಿ ತೋರಿಸಬಲ್ಲ ಈ ಎರಡು ಕಣಗಳನ್ನು ಭೌತವಿಜ್ಞಾನಿಗಳು 1937ರಿಂದ 1947ರವರೆಗೆ ಒಂದೇ ಎಂದು ತಿಳಿದಿದ್ದರು. ಮೀಸಾನ್ ಸಿದ್ಧಾಂತದ ಬೆಂಗಳೂರು ಅಧ್ಯಾಯ ಪೂರ್ತಿಯಾಗಿ ಆ ಹತ್ತು ವರ್ಷಗಳೊಳಗೆ ಬರುತ್ತದೆ. ಹೋಮಿ ಭಾಭಾ ಅವರ ಬಗ್ಗೆ ಬರೆಯುವವರು ಕೇಂಬ್ರಿಜ್‌ನಿಂದ ನೇರವಾಗಿ ಟ್ರಾಂಬೆಗೆ ಜಿಗಿಯುವುದು ವಾಡಿಕೆ, ನಡುವಿನ ಬೆಂಗಳೂರು ಯುದ್ಧಕಾಲದ ತಂಗುದಾಣವಾಗಿಬಿಡುತ್ತದೆ. ಇದು ಸರಿಯಲ್ಲ ಎಂಬುದು ನನ್ನ ವಾದ. ಇಲ್ಲಿ ಕಟ್ಟಿದ ಮಾದರಿಗಳು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದವೋ ಆ ಪ್ರಶ್ನೆಯೇ ತಪ್ಪಾಗಿತ್ತು. ಆದರೂ ಅವುಗಳಲ್ಲೊಂದು ಕಲ್ಪಿಸಿದ ಕಣ ಮುಂದೆ ನಿಜವಾಗಿಯೇ ಸಿಕ್ಕಿತು, ಅದೂ ಕಲ್ಪಿಸಿದವರು ಬಯಸಿದ್ದಕ್ಕೆ ತೀರ ವಿರುದ್ಧವಾದ ಕೆಲಸ ಮಾಡುತ್ತ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಪ್ರೋಟಾನ್ ಮತ್ತು ನ್ಯೂಟ್ರಾನ್ ಪರಸ್ಪರ ಒಂದು ಕಣವನ್ನು ಕೊಟ್ಟು ತೆಗೆದುಕೊಳ್ಳುವುದರಿಂದಲೇ ಬೈಜಿಕ ಬಲ ಹುಟ್ಟುತ್ತದೆ ಎಂದು ಹಿದೆಕಿ ಯುಕಾವಾ 1935ರಲ್ಲಿ ಸೂಚಿಸಿದರು. ಬಲದ ವ್ಯಾಪ್ತಿ ಗಿಡ್ಡವಾಗಿದ್ದಷ್ಟೂ ಆ ಕಣ ಭಾರವಾಗಿರಬೇಕು. ಲೆಕ್ಕ ಹಾಕಿದರೆ ಎಲೆಕ್ಟ್ರಾನಿನ ಸುಮಾರು ಇನ್ನೂರು ಪಟ್ಟು. ಎರಡೇ ವರ್ಷದಲ್ಲಿ ಆ್ಯಂಡರ್ಸನ್ ಮತ್ತು ನೆಡರ್‌ಮೇಯರ್ ವಿಶ್ವಕಿರಣಗಳಲ್ಲಿ ಅಷ್ಟೇ ತೂಕದ ಕಣವನ್ನು ಕಂಡಾಗ, ಹುಡುಕುತ್ತಿದ್ದ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂದಂತಾಯಿತು. ಯಾರ ಮನೆಯ ಎಮ್ಮೆ ಎಂದು ಯಾರೂ ಕೇಳಲಿಲ್ಲ.

ಭಾಭಾ ಆಗಲೇ ಈ ಕಣದ ಬೆನ್ನು ಹತ್ತಿದ್ದರು. ಚಲಿಸುವ ಮೀಸಾನಿನ ಬಾಳು ಸಾಪೇಕ್ಷತಾ ಸಿದ್ಧಾಂತದಂತೆ ನಮ್ಮ ಗಡಿಯಾರಕ್ಕೆ ಹಿಗ್ಗಿ ಕಾಣಬೇಕೆಂದು 1938ರಲ್ಲಿ ಹೇಳಿದವರು ಅವರು. ನಿಂತ ಮ್ಯೂಯಾನಿನ ಸರಾಸರಿ ಬಾಳು 2.2 ಮೈಕ್ರೋಸೆಕೆಂಡ್, ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟು ಹೊತ್ತಿಗೆ 660 ಮೀಟರ್. ಹದಿನೈದು ಕಿಲೋಮೀಟರ್ ಎತ್ತರದಿಂದ ಅದು ಇಟಗಿಯ ತನಕ ಇಳಿದು ಬರುವುದು ಈ ಹಿಗ್ಗುವಿಕೆಯಿಂದಲೇ. 'ಮೀಸೋಟ್ರಾನ್' ಎಂಬ ಹೆಸರಿನಲ್ಲಿ 'ಟ್ರ' ಅನಗತ್ಯ, ಅದು ಎಲೆಕ್ಟ್ರಾನ್, ನ್ಯೂಟ್ರಾನ್ ಪದಗಳ ಮೂಲ ಧಾತುವಿಗೆ ಸೇರಿದ್ದೇ ಹೊರತು ಪ್ರತ್ಯಯವಲ್ಲ ಎಂದು ವ್ಯಾಕರಣ ಎತ್ತಿ, 'ಮೀಸಾನ್' ಎಂದು ತಿದ್ದಿದ್ದೂ 1939ರಲ್ಲಿ ಅವರೇ. ಅದೇ ವರ್ಷ ರಜೆಗೆಂದು ಭಾರತಕ್ಕೆ ಬಂದವರು ಯುದ್ಧ ಆರಂಭವಾದದ್ದರಿಂದ ಹಿಂದಿರುಗಲಿಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತರು.

ಬೆಂಗಳೂರಿನಲ್ಲಿ ಅವರ ಮುಂದಿದ್ದ ಮುಖ್ಯ ತೊಡಕು ಚದುರಿಕೆಯದು. ಬೈಜಿಕ ಬಲವನ್ನು ಹೊರುವ ಕಣವಾದರೆ ಮೀಸಾನ್ ನ್ಯೂಕ್ಲಿಯಸ್ಸುಗಳಿಗೆ ಬಡಿದು ಚೆನ್ನಾಗಿಯೇ ಚದುರಬೇಕು. ಸ್ಪಿನ್ 1 ಇರುವ ಮೀಸಾನಿಗೆ ಲೆಕ್ಕ ಹಾಕಿದರೆ ಚದುರುವ ಸಂಭವ ಶಕ್ತಿಯೊಡನೆ ಏರುತ್ತಲೇ ಹೋಗುತ್ತಿತ್ತು. ವಿಶ್ವಕಿರಣದ ಕಣವೋ ದಪ್ಪ ಸೀಸವನ್ನೂ ಸಲೀಸಾಗಿ ದಾಟುತ್ತಿತ್ತು. ದೋಷ ಎಲ್ಲಿದೆ?

ಭಾಭಾ ಕಂಡ ದಾರಿಯನ್ನು ಸಮೀಕರಣವಿಲ್ಲದೆಯೂ ಹೇಳಬಹುದು. ಧನ ಮೀಸಾನೊಂದು ಪ್ರೋಟಾನಿಗೆ ಬಡಿಯಿತೆನ್ನಿ. ಪ್ರೋಟಾನ್ ಅದನ್ನು ನೇರವಾಗಿ ನುಂಗಲಾರದು, ನುಂಗಿದರೆ ಅದರ ಆವೇಶ ಎರಡಾಗಬೇಕು, ಅಂಥ ಕಣವೇ ಇಲ್ಲ. ಆದ್ದರಿಂದ ಅದು ಮೊದಲು ತನ್ನದೊಂದು ಧನ ಮೀಸಾನನ್ನು ಉಗುಳಿ ನ್ಯೂಟ್ರಾನಾಗಿ, ಆಮೇಲೆ ಬಂದದ್ದನ್ನು ನುಂಗಬೇಕು. ನ್ಯೂಟ್ರಾನಿಗೆ ಬಡಿದರೆ ಕ್ರಮ ತಿರುಗುಮುರುಗು: ಮೊದಲು ನುಂಗಿ ಆಮೇಲೆ ಉಗುಳುವುದು. ಎರಡು ಕ್ರಮಗಳೂ ಒಟ್ಟಿಗೆ ಸಾಧ್ಯವಿದ್ದರೆ ಅವುಗಳ ಕೊಡುಗೆಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೇ ಸಾಧ್ಯವಾದ್ದರಿಂದ ಚದುರಿಕೆ ಅತಿಯಾಗುತ್ತಿದೆ. ಹಾಗಾದರೆ ಇಲ್ಲದ ಕಣವನ್ನು ಇದೆಯೆಂದೇ ಇಟ್ಟುಕೊಳ್ಳೋಣ: ಪ್ರೋಟಾನಿಗಿಂತ ತುಸು ಭಾರವಾದ, ಆವೇಶ +2 ಇರುವ ಒಂದು, −1 ಇರುವ ಇನ್ನೊಂದು. ಯಾವುದೇ ಪೂರ್ಣಾಂಕ ಆವೇಶದ ಭಾರಕಣಗಳು ಇರಬಹುದೆಂಬ ಈ ಪ್ರಬಂಧ 1940ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ನಡಾವಳಿಯಲ್ಲಿ ಅಚ್ಚಾಯಿತು. ಹೈಟ್ಲರ್ ಕೂಡ ಸುಮಾರು ಅದೇ ಹೊತ್ತಿಗೆ ಇದೇ ಜಾಡಿನಲ್ಲಿದ್ದರು.

ಮರುವರ್ಷ ಅದೇ ನಡಾವಳಿಯಲ್ಲಿ ಆವೇಶವುಳ್ಳ ಮೀಸಾನ್‌ಗಳ ಚದುರಿಕೆಯನ್ನು ಕುರಿತ ಪ್ರಬಂಧಕ್ಕೆ ಭಾಭಾ ಜೊತೆ ಸಹಿ ಹಾಕಿದವರು ಸೆಂಟ್ರಲ್ ಕಾಲೇಜಿನ ಗಣಿತದ ಬಿ. ಎಸ್. ಮಾಧವರಾವ್. ಈ ಹೆಸರು ಕನ್ನಡದಲ್ಲಿ ಬರಬೇಕಾದಷ್ಟು ಬಂದಿಲ್ಲ. 1935–36ರಲ್ಲಿ ರಾಮನ್ ಅವರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿದ್ದಾಗಲೇ ಮಾಧವರಾವ್ ಬಾರ್ನ್ ಅವರ ವಿದ್ಯುತ್ಕಾಂತ ಸಿದ್ಧಾಂತದ ಮೇಲೆ ಕೆಲಸ ಮಾಡಿದ್ದರು. ಭಾಭಾ ಬಂದಾಗ ಈ ಊರಿನ ನೆಲ ಬರಡಾಗಿರಲಿಲ್ಲ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಮಾಧವರಾವ್ ಅವರ ಸ್ವಂತ ಒಲವು ಮೀಸಾನಿನ ಬೀಜಗಣಿತದ ಕಡೆಗೆ. ಡಿರಾಕ್ ಎಲೆಕ್ಟ್ರಾನಿಗೆ ಬಳಸಿದ ಮಾತೃಕೆಗಳು ನಾಲ್ಕು ಸಾಲು ನಾಲ್ಕು ಕಂಬದವು, ಅವುಗಳಿಂದ ಹುಟ್ಟುವ ಬೀಜಗಣಿತದಲ್ಲಿ ಹದಿನಾರು ಸ್ವತಂತ್ರ ಅಂಶಗಳು. ಡಫಿನ್ ಮತ್ತು ಕೆಮರ್ 1938–39ರಲ್ಲಿ ಮೀಸಾನಿಗೆ ಕೊಟ್ಟ ಮಾತೃಕೆಗಳ ಬೀಜಗಣಿತದಲ್ಲಿ ಅಂಶಗಳು 126. ಆ ಸಂಖ್ಯೆ 1, 5, 10ರ ವರ್ಗಗಳ ಮೊತ್ತ: 1 + 25 + 100. ಒಂದರ ತುಂಡಿನಲ್ಲಿ ಭೌತವೇನೂ ಇಲ್ಲ, ಐದರದ್ದು ಸ್ಪಿನ್ 0 ಮೀಸಾನ್, ಹತ್ತರದ್ದು ಸ್ಪಿನ್ 1. ಒಂದೇ ನಿಯಮದಿಂದ ಎರಡು ಬಗೆಯ ಕಣಗಳು ಉದುರುವ ಈ ಸೊಗಸು ಗಣಿತಜ್ಞರನ್ನು ಸೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಮಾಧವರಾವ್, ವಿ. ಆರ್. ತಿರುವೆಂಕಟಾಚಾರ್ ಮತ್ತು ಕೆ. ವೆಂಕಟಾಚಲ ಅಯ್ಯಂಗಾರ್ ಇನ್ನೊಂದು ಮೆಟ್ಟಿಲೇರಿ, ಸ್ಪಿನ್ 3/2 ಕಣಗಳ ಬೀಜಗಣಿತವನ್ನು 1946ರಲ್ಲಿ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಪ್ರಕಟಿಸಿದರು. ಭಾಭಾ 1945ರಲ್ಲಿ ಎಲ್ಲ ಸ್ಪಿನ್‌ಗಳಿಗೂ ಅನ್ವಯಿಸುವ ಸಮೀಕರಣ ಕೊಟ್ಟರು. ಅದರಲ್ಲಿ ಸ್ಪಿನ್ 3/2 ಕಣಕ್ಕೆ ಒಂದಲ್ಲ, ಎರಡು ದ್ರವ್ಯರಾಶಿ, ಒಂದು ಇನ್ನೊಂದರ ಮೂರು ಪಟ್ಟು. ಪ್ರಕೃತಿ ಈ ಔದಾರ್ಯವನ್ನು ಒಪ್ಪಿಕೊಂಡಿಲ್ಲ. 1943ರಲ್ಲಿ ಬೆಂಗಳೂರಿಗೆ ಬಂದ ಹರೀಶ್‌ಚಂದ್ರ ಕೂಡ ಇದೇ ಗರಡಿಯಲ್ಲಿ ಪಳಗಿದವರು. ಮೀಸಾನ್ ಮಾತೃಕೆಗಳ ಮೇಲೆ ಬರೆದು, ಕೇಂಬ್ರಿಜ್‌ನಲ್ಲಿ ಡಿರಾಕ್ ಬಳಿ ಹೋಗಿ, ಕೊನೆಗೆ ಭೌತವನ್ನೇ ಬಿಟ್ಟು ಗಣಿತದಲ್ಲಿ ದೊಡ್ಡವರಾದರು.

ನಡುವೆ ಪ್ರಯೋಗಗಳೂ ನಡೆದವು. ಭೂಕಾಂತ ಸಮಭಾಜಕಕ್ಕೆ ಹತ್ತಿರವಿರುವ ಬೆಂಗಳೂರಿನ ಮೇಲೆ ಅಮೆರಿಕನ್ ವಾಯುಪಡೆಯ ವಿಮಾನದಲ್ಲಿ ಉಪಕರಣ ಹೊತ್ತೊಯ್ದು ಮೂವತ್ತು ಸಾವಿರ ಅಡಿಯವರೆಗೆ ಮೀಸಾನ್‌ಗಳನ್ನು ಎಣಿಸಿದರು. ಅವರು ಎಣಿಸಿದ್ದು ಬಹುಪಾಲು ಮ್ಯೂಯಾನ್‌ಗಳನ್ನೇ ಎಂದು ಇಂದು ಹೇಳುವುದು ಸುಲಭ.

1947ರಲ್ಲಿ ಗಂಟು ಬಿಚ್ಚಿತು. ರೋಮ್‌ನ ಕಾನ್ವೆರ್ಸಿ, ಪಾಂಚಿನಿ, ಪಿಚ್ಚೋನಿ ತೋರಿಸಿದ್ದು ಇಷ್ಟು: ಇಂಗಾಲದಲ್ಲಿ ನಿಂತ ಋಣ ಮೀಸಾನನ್ನು ನ್ಯೂಕ್ಲಿಯಸ್ ಕ್ಷಣಾರ್ಧದಲ್ಲಿ ಕಬಳಿಸಬೇಕಿತ್ತು, ಕಬಳಿಸುತ್ತಿಲ್ಲ. ಅದೇ ವರ್ಷ ಪೊವೆಲ್ ಅವರ ಬ್ರಿಸ್ಟಲ್ ತಂಡ ಫೋಟೋ ಎಮಲ್ಷನ್‌ನಲ್ಲಿ ಒಂದು ಮೀಸಾನ್ ಇನ್ನೊಂದಾಗಿ ಕ್ಷಯಿಸುವುದನ್ನು ಕಂಡಿತು. ಯುಕಾವಾ ಹೇಳಿದ್ದು ಆ ಮೊದಲನೆಯದು, ಪೈಯಾನ್, ದ್ರವ್ಯರಾಶಿ ಎಲೆಕ್ಟ್ರಾನಿನ 273 ಪಟ್ಟು. ಸೀಸ ದಾಟುತ್ತಿದ್ದದ್ದು ಎರಡನೆಯದು, 207 ಪಟ್ಟು ತೂಗುವ ಮ್ಯೂಯಾನ್, ಬೈಜಿಕ ಬಲದ ಗೊಡವೆಯೇ ಇಲ್ಲದ್ದು. ಬೆಂಗಳೂರಿನವರು ಬಿಡಿಸಲು ಹೊರಟ ವೈರುಧ್ಯ ಇರಲೇ ಇಲ್ಲ. ಸಾಲದ್ದಕ್ಕೆ ಪೈಯಾನಿನ ಸ್ಪಿನ್ 0 ಎಂದು ತಿಳಿದು, ಸ್ಪಿನ್ 1ಕ್ಕೆ ಹಾಕಿದ್ದ ಲೆಕ್ಕವೆಲ್ಲ ಯುಕಾವಾ ಕಣದಿಂದ ದೂರ ಉಳಿಯಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. 1952ರಲ್ಲಿ ಶಿಕಾಗೋದಲ್ಲಿ ಫರ್ಮಿ ಮತ್ತು ಸಂಗಡಿಗರು ಯಂತ್ರದಲ್ಲಿ ಹುಟ್ಟಿಸಿದ ಪೈಯಾನ್‌ಗಳನ್ನು ಪ್ರೋಟಾನ್‌ಗಳ ಮೇಲೆ ಹಾಯಿಸಿದಾಗ, ಧನ ಪೈಯಾನಿನ ಚದುರಿಕೆ ಶಕ್ತಿಯೊಡನೆ ಕಡಿದಾಗಿ ಏರಿತು, ಋಣ ಪೈಯಾನಿನದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಪ್ರೋಟಾನ್ ಆ ಪೈಯಾನನ್ನು ನುಂಗುತ್ತಿತ್ತು! ನುಂಗಿ, ಆವೇಶ +2 ಇರುವ ಕಣವಾಗಿ ಒಂದು ಗಳಿಗೆ ಬಾಳಿ ಮತ್ತೆ ಒಡೆಯುತ್ತಿತ್ತು. ಇಂದು ಅದರ ಹೆಸರು ಡೆಲ್ಟಾ: ಆವೇಶ +2, +1, 0, −1 ಎಂದು ನಾಲ್ವರು ಒಡಹುಟ್ಟಿದವರು, ದ್ರವ್ಯರಾಶಿ 1232 ಎಂಇವಿ, ಸ್ಪಿನ್ 3/2.

ಎರಡು ಆವೇಶಗಳ ಮಟ್ಟಿಗೆ 1940ರ ಊಹೆ ಅಕ್ಷರಶಃ ನಿಜವಾಯಿತು. ಆದರೆ ಪ್ರೋಟಾನಿಗಿಂತ 'ತುಸು' ಭಾರ ಎಂದುಕೊಂಡದ್ದು ಸುಮಾರು 294 ಎಂಇವಿ ಭಾರ, ಹತ್ತಿರಹತ್ತಿರ ಮೂರನೆಯ ಒಂದು ಪಾಲು. ಇನ್ನೂ ದೊಡ್ಡ ವ್ಯಂಗ್ಯವಿದೆ. ಭಾಭಾ ಈ ಕಣವನ್ನು ಕರೆತಂದದ್ದು ಚದುರಿಕೆಯನ್ನು ಅಡಗಿಸಲು. ನಿಜದ ಡೆಲ್ಟಾ ತನ್ನ ಅನುನಾದದಿಂದ ಚದುರಿಕೆಯನ್ನು ಉಬ್ಬಿಸುತ್ತದೆ. ಇದನ್ನು ಭವಿಷ್ಯವಾಣಿ ಎಂದು ಕೊಂಡಾಡುವುದು ಇತಿಹಾಸಕ್ಕೆ ಅಪಚಾರ, ಆಕಸ್ಮಿಕ ಎಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ನನ್ನ ಓದಿನಲ್ಲಿ, ಯುಕಾವಾ ಕಣ ಪ್ರೋಟಾನಿಗೆ ಬಿಗಿಯಾಗಿ ಅಂಟಬಲ್ಲದಾದರೆ ಪ್ರೋಟಾನಿಗೆ ಉನ್ನತ ಸ್ಥಿತಿಗಳು ಇರಲೇಬೇಕೆಂಬ ತರ್ಕ ಗಟ್ಟಿಯಾಗಿತ್ತು. ಸಡಿಲವಿದ್ದದ್ದು ಅದನ್ನು ಹೋಲಿಸಿ ನೋಡಿದ ದತ್ತಾಂಶ. ಹಾಗೆಂದು ಮಾಧವರಾವ್ ತಂಡದ ಸ್ಪಿನ್ 3/2 ಬೀಜಗಣಿತವನ್ನು ಡೆಲ್ಟಾದ ಸ್ಪಿನ್ನಿಗೆ ಗಂಟುಹಾಕುವ ಆಸೆಗೆ ನಾನು ಬೀಳಲಾರೆ. ಅವರದ್ದು ಮೂಲಕಣದ ಗಣಿತ, ಡೆಲ್ಟಾ ಮೂರು ಕ್ವಾರ್ಕುಗಳ ಕೂಟ.

ಮ್ಯೂಯಾನಿನ ತೂರುಬುದ್ಧಿಗೂ ಕನ್ನಡ ನೆಲದಲ್ಲಿ ಇನ್ನೊಂದು ಜನ್ಮ ಸಿಕ್ಕಿತು. 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ, ನಂಜನಗೂಡು ಮೂಲದ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಎಣಿಕೆಯಂತ್ರಗಳನ್ನು ಇಳಿಸಿದರು. ಘನ ಸೆಂಟಿಮೀಟರಿಗೆ ಮೂರು ಗ್ರಾಂ ತೂಗುವ ಆ ಕಪ್ಪುಶಿಲೆಯಲ್ಲಿ ಆಳ ಹೆಚ್ಚಿದಂತೆಲ್ಲ ಮ್ಯೂಯಾನ್ ವಿರಳವಾಗುತ್ತ, ಕೊನೆಗೆ ತಿಂಗಳುಗಟ್ಟಲೆ ಕಾದರೂ ಮೇಲಿನಿಂದ ಒಂದೂ ಬಾರದ ಆಳ ಸಿಕ್ಕಿತು. ಚಾಂಪಿಯನ್ ರೀಫ್‌ನಲ್ಲಿ 2.3 ಕಿಲೋಮೀಟರ್ ಕೆಳಗೆ, ಮುಂಬಯಿ, ಒಸಾಕಾ ಮತ್ತು ಡರ್ಹಮ್‌ನವರ ಕೂಡುತಂಡ 1965ರಲ್ಲಿ ಹಿಡಿದ ಮ್ಯೂಯಾನ್‌ಗಳು ಅಡ್ಡಡ್ಡವಾಗಿ ಬಂದವು. ಅವು ಆಕಾಶದಿಂದ ಇಳಿದವಲ್ಲ, ನ್ಯೂಟ್ರಿನೋಗಳು ಗಣಿಯ ಸುತ್ತಲಿನ ಬಂಡೆಗೆ ಬಡಿದಾಗ ಅಲ್ಲೇ ಹುಟ್ಟಿದವು.