ರೆಟ್ರೋವೈರಸ್ ಅಂದರೆ ಏಡ್ಸ್ ಎಂದೇ ಅರ್ಥವೇ? ಗರ್ಭಿಣಿಯರಲ್ಲಿ ಹುಡುಕುವ ಎಚ್‌ಟಿಎಲ್‌ವಿ-1 ಬಗ್ಗೆ ತಿಳಿಯಿರಿ

ರೆಟ್ರೋವೈರಸ್ ಎಂದ ಕೂಡಲೇ ನಮಗೆ ನೆನಪಾಗುವುದು ಎಚ್‌ಐವಿ. ಆದರೆ ಅದಕ್ಕೂ ಮೊದಲೇ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಎಚ್‌ಟಿಎಲ್‌ವಿ-1. ಅಮೆರಿಕದ ರಾಬರ್ಟ್ ಗ್ಯಾಲೊ ಅವರ ತಂಡ 1980ರಲ್ಲಿ ಇದನ್ನು ವರದಿ ಮಾಡಿತು.

ಇದರಿಂದ ಏಡ್ಸ್ ಬರುತ್ತದೆಯೇ?

ಇಲ್ಲ. ಎರಡೂ ವೈರಸ್‌ಗಳು ರಕ್ತದ ಟಿ-ಕಣಗಳಿಗೇ ಲಗ್ಗೆ ಇಡುತ್ತವೆ. ಎಚ್‌ಐವಿ ಅವುಗಳನ್ನು ನಾಶ ಮಾಡಿದರೆ, ಎಚ್‌ಟಿಎಲ್‌ವಿ-1 ಅವು ಹೆಚ್ಚುವಂತೆ ಮಾಡುತ್ತದೆ. ಸೋಂಕಿತರಲ್ಲಿ ಹೆಚ್ಚಿನವರು ಜೀವನವಿಡೀ ಆರೋಗ್ಯವಾಗಿರುತ್ತಾರೆ. ನೂರರಲ್ಲಿ ಸುಮಾರು ಐದು ಜನರಿಗೆ, ಹಲವು ದಶಕಗಳ ನಂತರ, ತೀವ್ರ ಸ್ವರೂಪದ ರಕ್ತದ ಕ್ಯಾನ್ಸರ್ ಬರಬಹುದು. ಕೆಲವರಿಗೆ ಬೆನ್ನುಹುರಿಯ ತೊಂದರೆಯಿಂದ ಕಾಲುಗಳು ಬಲ ಕಳೆದುಕೊಳ್ಳುತ್ತವೆ.

ಗರ್ಭಿಣಿಯರನ್ನೇ ಏಕೆ ಪರೀಕ್ಷಿಸುತ್ತಾರೆ?

ಲೈಂಗಿಕ ಸಂಪರ್ಕ, ರಕ್ತ ಮತ್ತು ಸೂಜಿಯಿಂದ ಹರಡುವ ಈ ವೈರಸ್, ಎದೆಹಾಲಿನಲ್ಲಿರುವ ಸೋಂಕಿತ ಕಣಗಳ ಮೂಲಕ ಮಗುವಿಗೂ ದಾಟುತ್ತದೆ. ಈ ಕ್ಯಾನ್ಸರ್ ಹೆಚ್ಚಾಗಿ ಕಾಡುವುದು ಶೈಶವದಲ್ಲೇ ಸೋಂಕು ತಗುಲಿದವರನ್ನು. ಸೋಂಕು ಹೆಚ್ಚಾಗಿದ್ದ ಜಪಾನಿನ ನಾಗಸಾಕಿ ಪ್ರಾಂತ್ಯದಲ್ಲಿ 1987ರಲ್ಲಿ ಗರ್ಭಿಣಿಯರ ಪರೀಕ್ಷೆ ಶುರುವಾಯಿತು. ಸೋಂಕಿತ ತಾಯಂದಿರು ಆರು ತಿಂಗಳಿಗಿಂತ ಹೆಚ್ಚು ಕಾಲ ಹಾಲುಣಿಸಿದಾಗ ಸುಮಾರು 20% ಮಕ್ಕಳಿಗೆ ಸೋಂಕು ತಗುಲಿತ್ತು. ಡಬ್ಬಿಹಾಲು ಕುಡಿದ ಮಕ್ಕಳಲ್ಲಿ ಇದು ಸುಮಾರು 2.5%ಕ್ಕೆ ಇಳಿಯಿತು. ಹೀಗೆ ಬೆಳೆದ ಪೀಳಿಗೆಯ ಹೆಣ್ಣುಮಕ್ಕಳು ಗರ್ಭಿಣಿಯರಾದಾಗ ಅವರಲ್ಲಿ ಸೋಂಕಿನ ಪ್ರಮಾಣ ಬಹಳ ಕಡಿಮೆಯಾಗಿತ್ತು.

ಇದು ಲ್ಯಾಬ್‌ನಲ್ಲಿ ತಯಾರಾದದ್ದೇ?

ಅಲ್ಲ. ಇದರ ಹತ್ತಿರದ ಬಂಧು ಕೋತಿ, ವಾನರಗಳಲ್ಲಿರುವ ಎಸ್‌ಟಿಎಲ್‌ವಿ-1. ಸಾವಿರಾರು ವರ್ಷಗಳ ಹಿಂದಿನಿಂದ, ಒಂದಕ್ಕಿಂತ ಹೆಚ್ಚು ಬಾರಿ, ಅದು ಮನುಷ್ಯರಿಗೆ ದಾಟಿದೆ ಎಂಬುದನ್ನು ಜೀನ್‌ಗಳ ಹೋಲಿಕೆ ತೋರಿಸುತ್ತದೆ. ಈ ವೈರಸ್ ನಮ್ಮ ಜೀವಕೋಶದ ಡಿಎನ್‌ಎಯೊಳಗೇ ಸೇರಿಕೊಂಡು, ಕೋಶ ಎರಡಾದಾಗ ತಾನೂ ಎರಡಾಗುತ್ತದೆ. ಆದ್ದರಿಂದ ಬಹಳ ನಿಧಾನವಾಗಿ ಬದಲಾಗುತ್ತದೆ. ತಾಯಿಯಿಂದ ಮಗುವಿಗೆ ಸಾಗುವುದರಿಂದ ಜನರ ವಲಸೆಯ ಗುರುತೂ ಅದರಲ್ಲಿ ಉಳಿಯುತ್ತದೆ. ಗ್ಯಾಬೊನ್ ಸೇರಿದಂತೆ ಮಧ್ಯ ಆಫ್ರಿಕಾದಲ್ಲಿ ‘ಬಿ’ ತಳಿ, ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಮೆಲನೇಷ್ಯಾದ ಜನರಲ್ಲಿ ‘ಸಿ’ ತಳಿ ಕಾಣುತ್ತದೆ. ಜಪಾನ್, ಕೆರಿಬಿಯನ್ ದ್ವೀಪಗಳಂಥ ದೂರದೂರದ ಕಡೆ ಇರುವುದು ‘ಎ’ ತಳಿ.

ಹಾಗಾದರೆ ಎದೆಹಾಲು ನಿಲ್ಲಿಸಬೇಕೇ?

ಖಂಡಿತ ಬೇಡ. ಡಬ್ಬಿಹಾಲಿನ ಸಲಹೆ ಪರೀಕ್ಷೆಯಲ್ಲಿ ಸೋಂಕು ಖಚಿತವಾದ ತಾಯಂದಿರಿಗೆ ಮಾತ್ರ, ಅದೂ ವೈದ್ಯರೊಡನೆ ಮಾತಾಡಿದ ನಂತರ. ಶುದ್ಧ ನೀರಿಲ್ಲದ ಕಡೆ ಡಬ್ಬಿಹಾಲೇ ಮಗುವಿಗೆ ಅಪಾಯವಾಗಬಹುದು. ಉಳಿದ ತಾಯಂದಿರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬದಲಾಗಿಲ್ಲ: ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ. ‘ಎದೆಹಾಲಿನಲ್ಲಿ ವೈರಸ್’ ಎಂಬ ಅರ್ಧ ಸಾಲನ್ನಷ್ಟೇ ಫಾರ್ವರ್ಡ್ ಮಾಡಿದರೆ ಯಾವುದೋ ಮನೆಯ ಹಸುಗೂಸು ಹಾಲಿಲ್ಲದೆ ಉಳಿದೀತು. ಕಳಿಸುವುದಾದರೆ ಪೂರ್ತಿ ಕಳಿಸಿ.